ಅರವತ್ತೊಂದನೆಯ ಸಾಲು

ಕ್ಯಾಬಿನ್ನಿಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ,
ಉಕ್ಕಿನ ಹಗ್ಗ ಬಂದರಿನಲ್ಲೇ ಸುತ್ತಿಕೊಂಡು ಬಿದ್ದಿತ್ತು,
ಓತಾರ್ ಬರೆಯಬೇಕಿದ್ದ ಪ್ರೋಗ್ರಾಮಿನಲ್ಲಿ
ಒಂದೇ ಒಂದು ಪದ: ಆರಂಭ.
ಆಗಲೇ ನಾನು ಬರೆಯಲು ಕೂತಿದ್ದೆ,
ಅದು ಹೇಗೆ ಹೇಗೆ ಕೈಕೊಡಬಹುದೆಂದು.

“ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ಕಂಡಿದ್ದೆ,
ನೀನು ಕಷಾಯ ಕುದಿಸುತ್ತಿದ್ದೀಯಲ್ಲ” ಅಂದ ಜುರಾಬ್.
ಅವನದು ಖರ್ಚು, ಅವನದು ತಾರೀಕು.
ನನ್ನದು ಅನುಮಾನ. ಅದಕ್ಕೂ ಸಂಬಳವಿದೆ.

ತ್ಬಿಲಿಸಿಯಿಂದ ಬಂದವರು ನಾವು ನಾಲ್ವರು.
ಮ್ಯಾಂಗನೀಸಿನ ಊರು ಅದು; ಕಣಿವೆಯ ತಳದಲ್ಲಿ ಕಪ್ಪು ಹೊಳೆ,
ಎರಡೂ ಕಡೆ ಗೋಡೆಯಂಥ ಬೆಟ್ಟ, ನೆತ್ತಿಯಲ್ಲಿ ಮನೆಗಳು.
ಹಾಲು, ಹೆಣ, ಮದುಮಗಳು, ಗ್ಯಾಸ್ ಸಿಲಿಂಡರು
ಎಲ್ಲವೂ ತಂತಿಯ ಮೇಲೆಯೇ ಹತ್ತಬೇಕು, ಇಳಿಯಬೇಕು.

ನಲವತ್ತು ಸಾಲಿಗೆ ನಾನು ಬರಿದಾದೆ.
ಲಮಾರಾಳನ್ನು ಹುಡುಕಿಕೊಂಡು ಹೋದೆ,
ಹಳೆಯ ತಂತಿದಾರಿಯ ಹಿಡಿಕೆ ಹಿಡಿದು
ಮೂವತ್ತೊಂದು ಚಳಿಗಾಲ ಕಳೆದವಳು.
ಅಕ್ರೋಟು ಒಡೆಯುತ್ತ ನನ್ನ ಕೋಷ್ಟಕ ಓದಿಸಿ ಕೇಳಿದಳು.

“ನಿನ್ನ ಲೆಕ್ಕದಲ್ಲಿ ಮನುಷ್ಯ ಅಂದರೆ ಎಪ್ಪತ್ತೈದು ಕಿಲೋ.
ಸಾವಿನ ಊಟ ಮುಗಿಸಿ ಕುಡಿದು ಬರುವವನು?
ಅವನು ಬಾಗಿಲಿಗೇ ಒರಗುತ್ತಾನೆ.
ಹುಡುಗರಿಬ್ಬರು ಒಟ್ಟಿಗೆ ಕುಪ್ಪಳಿಸಿದರೆ?
ಮೇಲೊಬ್ಬಳು ಕೆಳಗೊಬ್ಬ
ಒಂದೇ ಕ್ಷಣ ಗುಂಡಿ ಒತ್ತಿದರೆ
ಯಾರ ಮಾತು ನಡೆಯುತ್ತದೆ?”
ಒಂದೊಂದು ಅಕ್ರೋಟಿಗೆ ಒಂದೊಂದು ಸಾಲು.

ಕೊನೆಗೆ, ಸಿಪ್ಪೆ ಗುಡಿಸುತ್ತ:
“ನಡುದಾರಿಯಲ್ಲಿ ನಿಂತುಬಿಟ್ಟರೆ
ಒಳಗಿದ್ದವರ ಜೊತೆ ಮಾತಾಡುವವರು ಯಾರು?
ನಾನು ಫೋನಿನಲ್ಲಿ ಉಪ್ಪಿನಕಾಯಿಯ ವಿಚಾರ ತೆಗೆಯುತ್ತಿದ್ದೆ.
ಉಪ್ಪು ಎಷ್ಟೆಂದು ಜಗಳವಾಡುತ್ತಿದ್ದರು,
ಕೆಳಗೆ ನೋಡುತ್ತಿರಲಿಲ್ಲ.”

ಅರವತ್ತೊಂದು. ಕರೆಂಟು ಹೋಗಿ ಇಪ್ಪತ್ತು ನಿಮಿಷ.
ದನಿ ಕೇಳಿಸುತ್ತಿರಬೇಕು.

“ಇದು ಸಾಫ್ಟ್‌ವೇರಿನ ಪರೀಕ್ಷೆಯೇ ಅಲ್ಲ” ಅಂದ ಓತಾರ್.
ಜುರಾಬ್ ಕೆಂಪು ಪೆನ್ನು ತೆಗೆದ.
ಹದಿನಾಲ್ಕು ವಾರ ಒಂಬತ್ತಾಯಿತು, ಒಂಬತ್ತು ಆರಾಯಿತು,
ದ್ರಾಕ್ಷಿ ಕೊಯ್ಲಿಗೆ ಮುಂಚೆ ರಿಬ್ಬನ್ನು ಕತ್ತರಿಸಬೇಕಂತೆ.
ಸಂತೆಯ ಚೌಕಾಸಿಯಂತೆ
ಮೂರು ಸಾಲು ಕೊಟ್ಟು ಅದೊಂದನ್ನು ಉಳಿಸಿಕೊಂಡೆ.
ಯಾವುದು ಮೊದಲು, ಯಾರ ಕೈಯಲ್ಲಿ, ಯಾವತ್ತು,
ಎಲ್ಲಿಗೆ ಬಂದರೆ ಸಾಕು, ಎಲ್ಲಿ ನಿಲ್ಲಿಸಬೇಕು.
ಯೋಜನೆ ಅಂದರೆ ಇಷ್ಟೇ ಏನೋ:
ಹೆದರಿಕೆಗಳನ್ನು ಸರದಿಯಲ್ಲಿ ನಿಲ್ಲಿಸುವುದು.

ಆಗಸ್ಟಿನ ಮಧ್ಯಾಹ್ನ. ಹನ್ನೊಂದು ಮರಳುಮೂಟೆಗಳ ನಡುವೆ
ಹನ್ನೆರಡನೆಯವಳಾಗಿ ಕೂತೆ.
ಸರಿಯಾಗಿ ಹೊಳೆಯ ಮೇಲೆ, ನಾವೇ ಗೊತ್ತುಮಾಡಿದ ಗಳಿಗೆಯಲ್ಲಿ
ಕರೆಂಟು ತೆಗೆದರು.
ಬ್ರೇಕು ಹಿಡಿಯಿತು. ಬಾಗಿಲು ಬಿಗಿಯಾಗಿಯೇ ಇತ್ತು.
ದೀಪ, ಫ್ಯಾನು, ಎಲ್ಲ ಬರೆದಿದ್ದಂತೆ.
ಸ್ಪೀಕರ್ ಮಾತ್ರ ಸತ್ತಿತ್ತು:
ಬ್ಯಾಟರಿ ಉಳಿಸಲೆಂದು ಓತಾರನ ಪ್ರೋಗ್ರಾಮು
ಎಲ್ಲಕ್ಕಿಂತ ಮೊದಲು ಆರಿಸಿದ್ದು ದನಿಯನ್ನು.

ಇಪ್ಪತ್ತು ನಿಮಿಷ. ಮೂಟೆಗಳು ಮಾತಾಡಲಿಲ್ಲ.
ನಾನು ಕೆಳಗೆ ನೋಡಿದೆ.

ತಾರೀಕು ಹನ್ನೆರಡು ದಿನ ಮುಂದೆ ಹೋಯಿತು.
ಜುರಾಬ್ ನನ್ನೊಡನೆ ಮಾತು ಬಿಟ್ಟ.
ಓತಾರ್ ಎರಡು ಸಾಲು ಅದಲುಬದಲು ಮಾಡಿ
ಪಕ್ಕದಲ್ಲಿ ಬರೆದುಕೊಂಡ: ದನಿ ಕೊನೆಗೆ.

ಉದ್ಘಾಟನೆಯ ದಿನ ಏನೂ ಆಗಲಿಲ್ಲ.
ಏನೂ ಆಗದ್ದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ,
ಬ್ಯಾಂಡಿನವರಿಗೆ ತಟ್ಟಿದರು.
ಲಮಾರಾ ಮೊಟ್ಟೆಯ ಬುಟ್ಟಿ ಹಿಡಿದು ಹತ್ತಿದಳು,
ಕಿಟಕಿಗೆ ಬೆನ್ನು ಹಾಕಿ.

ಈಗ ನವೆಂಬರು. ಉಳಿದವರು ಊರಿಗೆ ಹೋದರು.
ಕಡತದಲ್ಲಿ ನನ್ನ ಸಹಿಯ ಮೇಲೆ ಇನ್ನೊಂದು ಸಾಲಿದೆ,
ಚೌಕಾಸಿಯಲ್ಲಿ ಬಿಟ್ಟುಕೊಟ್ಟದ್ದು:
ಚಾವಣಿಯ ಹಿಮ
ಒಳಗಿನ ಜನಕ್ಕಿಂತ ಭಾರವಾದಾಗ.
ಎದುರಿಗೆ: ಪರೀಕ್ಷಿಸಿಲ್ಲ, ಸಮಯವಿರಲಿಲ್ಲ.
ಅಳಿಸಲಿಲ್ಲ ನಾನು. ಮುಚ್ಚಿಡಲೂ ಇಲ್ಲ.
ಒಂದೇ ದಿನ ಸಾಕು, ಮೂಟೆಗಳು ಇಲ್ಲೇ ಇವೆ ಎಂದು
ಜುರಾಬನಿಗೆ ಮೂರನೆಯ ಪತ್ರ ಬರೆದಿದ್ದೇನೆ.
ಬೆಳಿಗ್ಗೆ ಎದ್ದವಳೇ ಬೆಟ್ಟದ ನೆತ್ತಿ ನೋಡುತ್ತೇನೆ,
ಬಿಳುಪಾಗಿದೆಯೇ ಎಂದು.